ಶಿರಸ್ತ್ರಾಣದೊಳಗಿನ ಉಸಿರು

ತಲೆಯ ಮೇಲೆ ಏನನ್ನಾದರೂ ಧರಿಸುವ ರೂಢಿ ನಮ್ಮ ಜನಕ್ಕೆ ಹೊಸದಲ್ಲ. ಬಯಲುಸೀಮೆಯ ರೈತನಿಗೆ ರುಮಾಲು ಉಂಟು. ಮೈಸೂರಿನ ಕಡೆಯವರಿಗೆ ಜರಿಯ ಪೇಟ ಉಂಟು. ಮಲೆನಾಡಿನ ಮಳೆಗೆ ಕಂಬಳಿಕೊಪ್ಪೆ, ತುಳುನಾಡಿನ ತೋಟದ ಕೆಲಸಕ್ಕೆ ಅಡಕೆಯ ಹಾಳೆಟೊಪ್ಪಿ. ಇವನ್ನು ಸುತ್ತಿದವರೂ ಹೊಲಿದವರೂ ಭೌತವಿಜ್ಞಾನವನ್ನು ಓದಿದವರಲ್ಲ. ಆದರೂ ಒಂದು ಗುಣದಲ್ಲಿ ಇವೆಲ್ಲವೂ ಒಂದೇ ಜಾತಿಗೆ ಸೇರಿದವು: ತಲೆಯನ್ನು ಮುಚ್ಚಿ ಮುಖವನ್ನು ಬಿಟ್ಟುಕೊಡುತ್ತವೆ, ಬೆವರು ಹೊರಕ್ಕೆ ಹೋಗಲು, ಗಾಳಿ ಒಳಕ್ಕೆ ಬರಲು ಎಡೆಗೊಡುತ್ತವೆ. ರುಮಾಲಿನ ಮಡಿಕೆಗಳ ನಡುವೆ ಸುಳಿಯುವ ಗಾಳಿಯ ಹಿತವನ್ನು ಅದನ್ನು ಸುತ್ತಿದವನೇ ಬಲ್ಲ.

ಕಳೆದ ಕೆಲವು ದಶಕಗಳಲ್ಲಿ ನಮ್ಮ ತಲೆಯನ್ನೇರಿದ ಹೊಸ ಶಿರಸ್ತ್ರಾಣ, ಎಲ್ಲರ ಬಾಯಲ್ಲೂ ಹೆಲ್ಮೆಟ್ಟು, ಈ ಜಾತಿಯದಲ್ಲ. ಅದು ತಾನೂ ಉಸಿರಾಡದು; ಧರಿಸಿದವನ ಉಸಿರನ್ನೂ ಸ್ವಲ್ಪ ಹೊತ್ತು ತನ್ನೊಳಗೇ ಕೂಡಿಹಾಕಿಕೊಳ್ಳುತ್ತದೆ. ಮೂವತ್ತು ವರ್ಷ ಕಾಲೇಜಿನಲ್ಲಿ ಭೌತವಿಜ್ಞಾನದ ಪಾಠ ಹೇಳಿ, ಅಷ್ಟೂ ವರ್ಷ ಬಸವನಗುಡಿಯಿಂದ ಸ್ಕೂಟರಿನ ಮೇಲೆ ಹೋಗಿಬಂದ ನನಗೆ, ಸಿಗ್ನಲ್ಲಿನ ಕೆಂಪು ದೀಪದೆದುರು ಕಾಲೂರಿ ನಿಂತಾಗಲೆಲ್ಲ ಒಂದು ಪ್ರಶ್ನೆ ಕಾಡಿದೆ. ಈ ಚಿಪ್ಪಿನೊಳಗೆ ನಾನು ಈಗ ಎಳೆದುಕೊಳ್ಳುತ್ತಿರುವುದು ಯಾವ ಗಾಳಿ? ಬೀದಿಯದೇ, ಅಥವಾ ಕ್ಷಣಕಾಲದ ಹಿಂದೆ ನಾನೇ ಬಿಟ್ಟದ್ದೇ?

ಈ ಪ್ರಶ್ನೆಗೆ ಹೋಗುವ ಮುನ್ನ ಹೆಲ್ಮೆಟ್ಟಿನ ಹುಟ್ಟನ್ನು ನೋಡಬೇಕು. ಅದು ಹುಟ್ಟಿದ್ದು ಸಾವಿನಿಂದ. 1935ರ ಮೇ 13ರಂದು ಇಂಗ್ಲೆಂಡಿನ ಡಾರ್ಸೆಟ್ ಸೀಮೆಯ ಒಂದು ರಸ್ತೆಯಲ್ಲಿ, ಅರೇಬಿಯದ ಲಾರೆನ್ಸ್ ಎಂದು ಹೆಸರಾದ ಟಿ. ಇ. ಲಾರೆನ್ಸ್ ತಮ್ಮ ಬ್ರೌ ಸುಪೀರಿಯರ್ ಮೋಟಾರು ಸೈಕಲ್ಲಿನಲ್ಲಿ ಬರುತ್ತಿದ್ದರು. ಎದುರಿಗೆ ಸೈಕಲ್ಲು ತುಳಿಯುತ್ತಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬಿದ್ದರು. ಆರು ದಿನಗಳ ಮೇಲೆ ತೀರಿಕೊಂಡರು. ತಲೆಯ ಮೇಲೆ ರಕ್ಷೆ ಇರಲಿಲ್ಲ. ಅವರನ್ನು ನೋಡಿದ ವೈದ್ಯರಲ್ಲಿ ಒಬ್ಬರು ಆಸ್ಟ್ರೇಲಿಯದಲ್ಲಿ ಹುಟ್ಟಿದ ನರಶಸ್ತ್ರವೈದ್ಯ ಹ್ಯೂ ಕೇರ್ನ್ಸ್. ಆ ಸಾವು ಅವರ ಮನಸ್ಸಿನಲ್ಲಿ ನಿಂತಿತು. 1941ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಲೆಕ್ಕವಿದೆ: ಎರಡನೆಯ ಮಹಾಯುದ್ಧದ ಮೊದಲ 21 ತಿಂಗಳಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ಸತ್ತ ಮೋಟಾರು ಸೈಕಲ್ಲಿನವರು 2279 ಮಂದಿ. ಹೆಲ್ಮೆಟ್ಟು ಧರಿಸಿದವರ ಗಾಯಗಳು ಎಷ್ಟು ಹಗುರವಾಗಿದ್ದವೆಂಬುದನ್ನೂ ಅವರು ತೋರಿಸಿದರು. ಅದೇ ವರ್ಷ ಬ್ರಿಟಿಷ್ ಸೈನ್ಯ ತನ್ನ ಮೋಟಾರು ಸೈಕಲ್ ಸವಾರರಿಗೆ ಹೆಲ್ಮೆಟ್ಟನ್ನು ಕಡ್ಡಾಯ ಮಾಡಿತು. ಅಲ್ಲಿಯ ಸಾಮಾನ್ಯ ಜನಕ್ಕೆ ಅದು ಕಡ್ಡಾಯವಾದದ್ದು 1973ರಲ್ಲಿ. ಸಿಪಾಯಿಯ ತಲೆಗೂ ನಾಗರಿಕನ ತಲೆಗೂ ನಡುವೆ ಮೂವತ್ತೆರಡು ವರ್ಷಗಳ ಅಂತರ!

ಆ ಕಾಲದ ಹೆಲ್ಮೆಟ್ಟು ಬಟ್ಟಲಿನಂತೆ ತಲೆಯ ಮೇಲ್ಭಾಗವನ್ನಷ್ಟೇ ಮುಚ್ಚುತ್ತಿದ್ದಿತು. ಮುಂದೆ ಎರಡು ಮಾರ್ಪಾಡುಗಳಾದವು. ಮೊದಲನೆಯದು ಒಳಗೋಡೆಯದು. ಪೆಟ್ಟು ಬಿದ್ದಾಗ ತಾನು ಜಜ್ಜಿಹೋಗಿ ತಲೆಯನ್ನು ಉಳಿಸುವ ಮೆದು ಪದರವೊಂದನ್ನು ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಲೊಂಬಾರ್ಡ್ ಮತ್ತು ರಾತ್ ರೂಪಿಸಿದರು; ಅದಕ್ಕೆ 1953ರಲ್ಲಿ ಪೇಟೆಂಟು ದೊರೆಯಿತು. ಇಂದು ಆ ಪದರವನ್ನು ಮಾಡುವುದು ಥರ್ಮೋಕೋಲಿನಿಂದ. ಎರಡನೆಯದು ಆಕಾರದ್ದು: 1960ರ ದಶಕದ ನಡುವಿನಲ್ಲಿ ಅಮೆರಿಕದ ಬೆಲ್ ಸಂಸ್ಥೆಯವರು ಗಲ್ಲವನ್ನೂ ಮುಚ್ಚುವ ಪೂರ್ಣಮುಖದ ಹೆಲ್ಮೆಟ್ಟನ್ನು ಮಾರುಕಟ್ಟೆಗೆ ತಂದರು. ದವಡೆಗೆ ರಕ್ಷೆ ಬಂದಿತು. ಅದರ ಜೊತೆಗೇ ಬಾಯಿ ಮೂಗುಗಳ ಎದುರಿಗೆ ಒಂದು ಗೋಡೆಯೂ ಎದ್ದಿತು.

ಥರ್ಮೋಕೋಲನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಅದರ ಹಗುರ ಗೊತ್ತು. ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಪಾಲು ಅದು ಬರಿಯ ಗಾಳಿ; ಸಣ್ಣ ಸಣ್ಣ ಮಣಿಗಳೊಳಗೆ ಸೆರೆಸಿಕ್ಕ ಗಾಳಿ. ಸೆರೆಸಿಕ್ಕ ಗಾಳಿ ಶಾಖವನ್ನು ದಾಟಗೊಡುವುದಿಲ್ಲವಾದ್ದರಿಂದಲೇ ಮೀನಿನವರು ಮಂಜುಗಡ್ಡೆಯನ್ನು ಈ ಪೆಟ್ಟಿಗೆಯಲ್ಲಿ ಇಡುವುದು. ಅಂದಮೇಲೆ ತಲೆಯ ಬಿಸಿಯೂ ಹೊರಗೆ ಹೋಗಲಾರದಷ್ಟೆ. ಸುತ್ತಲೂ ಗಾಳಿಯಿಂದಲೇ ಕಟ್ಟಿದ ಮನೆಯೊಳಗೆ ಕುಳಿತು ಒಂದು ಗುಟುಕು ಗಾಳಿಗೆ ಬಾಯಿಬಿಡುವ ಸ್ಥಿತಿ ಹೆಲ್ಮೆಟ್ಟಿನವನದು. ಪ್ರಾಣ ಉಳಿಸುವ ಗುಣವೂ ಬೇಯಿಸುವ ಗುಣವೂ ಒಂದೇ ಪದಾರ್ಥಕ್ಕೆ ಸೇರಿದ್ದು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುವುದು ಸುಲಭವಲ್ಲ.

ಈಗ ಉಸಿರಿನ ವಿಚಾರ. ವಿರಾಮವಾಗಿ ಇರುವಾಗ ನಾವು ಒಂದು ಸಲಕ್ಕೆ ಎಳೆದುಕೊಳ್ಳುವ ಗಾಳಿ ಸುಮಾರು ಅರ್ಧ ಲೀಟರು. ಬಯಲಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡು ಶೇಕಡಾ 0.04ರಷ್ಟು, ನಾವು ಬಿಡುವ ಉಸಿರಿನಲ್ಲಿ ಶೇಕಡಾ 4ರ ಆಸುಪಾಸು, ಅಂದರೆ ನೂರು ಮಡಿ. ಬಯಲಿನಲ್ಲಿ ಇದು ಕೂಡಲೇ ಚದರಿಹೋಗುತ್ತದೆ. ಮುಖಗಾಜನ್ನು ಮುಚ್ಚಿದ ಹೆಲ್ಮೆಟ್ಟಿನೊಳಗೆ ಚದರಲು ಸ್ಥಳವೆಲ್ಲಿ? ಬಿಟ್ಟ ಉಸಿರಿನ ಒಂದು ಪಾಲು ಗಲ್ಲದ ಗೋಡೆಗೆ ಬಡಿದು ಹಿಂತಿರುಗಿ ಮೂಗಿನ ಮುಂದೆಯೇ ನಿಲ್ಲುತ್ತದೆ. ಮುಂದಿನ ಉಸಿರಿನೊಂದಿಗೆ ಪುನಃ ಒಳಗೆ ಹೋಗುತ್ತದೆ. ಇದು ಊಹೆಯ ಮಾತಲ್ಲ. ಸ್ವಿಟ್ಸರ್ಲೆಂಡಿನ ಎಂಪಾ ಎಂಬ ಸಂಶೋಧನಾ ಸಂಸ್ಥೆಯವರು ಪೂರ್ಣಮುಖದ ಹೆಲ್ಮೆಟ್ಟು ತೊಟ್ಟವರ ಉಸಿರನ್ನು ಅಳೆದು 2005ರಲ್ಲಿ ಪ್ರಕಟಿಸಿದರು. ವಾಹನ ನಿಂತಿರುವಾಗ ಎಳೆದುಕೊಳ್ಳುವ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡು ಸರಾಸರಿ ಶೇಕಡಾ 2ನ್ನು ಮೀರುತ್ತದೆ; ಗಂಟೆಗೆ 50 ಕಿಲೋಮೀಟರಿನಷ್ಟು ವೇಗಕ್ಕೆ ಸಮನಾದ ಗಾಳಿ ಬೀಸಿದಾಗ ಅದು ಶೇಕಡಾ 1ಕ್ಕಿಂತ ಕೆಳಗಿಳಿಯುತ್ತದೆ. ಕಾರ್ಖಾನೆಗಳಲ್ಲಿ ಎಂಟು ಗಂಟೆ ದುಡಿಯುವವನಿಗೆ ಸಾಮಾನ್ಯವಾಗಿ ವಿಧಿಸಿರುವ ಮಿತಿ ಶೇಕಡಾ 0.5 ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಶೇಕಡಾ 2 ಎಂದ ಮಾತ್ರಕ್ಕೆ ಯಾರೂ ಮೂರ್ಛೆಹೋಗುವುದಿಲ್ಲ. ಒಂದೆರಡು ನಿಮಿಷದ ಕೆಂಪು ದೀಪದಲ್ಲಿ ಉಸಿರು ಸ್ವಲ್ಪ ಆಳವಾಗುತ್ತದೆ. ಹೊರಟೊಡನೆ ಒಳಗಿನ ಗಾಳಿ ಬದಲಾಗುತ್ತದೆ. ಆದರೆ ಹೀಗೆ ನಿಲ್ಲುವುದೇ ದಿನಚರಿಯಾದಾಗ ತಲೆಭಾರ, ಮಂಕು, ಸಿಡಿಮಿಡಿ ಬರುವುದು ಸೋಜಿಗವಲ್ಲ. “ಹೆಲ್ಮೆಟ್ಟು ಹಾಕಿದರೆ ಉಸಿರು ಕಟ್ಟುತ್ತದೆ” ಎನ್ನುವ ಹುಡುಗರನ್ನು ನಾವು ಹಿರಿಯರು ನೆಪ ಹೇಳುವವರೆಂದು ಗದರಿಸುತ್ತೇವೆ. ನೆಪ ಹೇಳುವವರು ಇಲ್ಲದಿಲ್ಲ. ಆದರೆ ಆ ಮಾತಿನಲ್ಲಿ ಅಳೆದು ತೋರಿಸಬಹುದಾದ ಸತ್ಯವೊಂದು ಇದೆಯೆಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಒಪ್ಪಿಕೊಳ್ಳದೆ ಉಪದೇಶ ಮಾಡಿದರೆ ಕೇಳುವವನಿಗೆ ಉಪದೇಶದಲ್ಲೂ ನಂಬಿಕೆ ಹೋಗುತ್ತದೆ, ಹೆಲ್ಮೆಟ್ಟಿನಲ್ಲೂ ಹೋಗುತ್ತದೆ.

ಹೆಲ್ಮೆಟ್ಟು ಮಾಡುವವರಿಗೆ ಇದು ತಿಳಿಯದ ಸಂಗತಿಯಲ್ಲ. ಅದಕ್ಕಾಗಿಯೇ ಗಲ್ಲದ ಬಳಿ ಒಂದು, ಹಣೆಯ ಮೇಲೆ ಒಂದೆರಡು ಕಿಂಡಿಗಳನ್ನು ಇಟ್ಟಿರುತ್ತಾರೆ. ಹಿಂಬದಿಯಲ್ಲಿ ಬಿಸಿಗಾಳಿ ಹೊರಹೋಗಲು ಮತ್ತೆರಡು. ಇವು ಕೆಲಸ ಮಾಡುವ ಬಗೆ ನಮ್ಮ ಹಳೆಯ ಮನೆಗಳ ಬೆಳಕಿಂಡಿಯದಲ್ಲ. ಬೆಳಕಿಂಡಿಯಲ್ಲಿ ಬಿಸಿಗಾಳಿ ತಾನಾಗಿ ಮೇಲೇರಿ ಹೊರಟುಹೋಗುತ್ತದೆ. ಹೆಲ್ಮೆಟ್ಟಿನಲ್ಲಿ ಹಾಗೆ ಏರಿಹೋಗುವುದು ಅತ್ಯಲ್ಪ. ಅಲ್ಲಿ ಗಾಳಿಯನ್ನು ನೂಕುವುದು ವಾಹನದ ವೇಗ. ಮುಂದುಗಡೆ ಗಾಳಿ ಬಂದು ಒತ್ತುತ್ತದೆ, ಹಿಂದುಗಡೆ ಒತ್ತಡ ತಗ್ಗುತ್ತದೆ. ಈ ವ್ಯತ್ಯಾಸವೇ ಥರ್ಮೋಕೋಲಿನಲ್ಲಿ ಕೊರೆದ ಕಾಲುವೆಗಳೊಳಗೆ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ.

ಈ ಒತ್ತಡ ವೇಗದ ವರ್ಗಕ್ಕೆ ಅನುಸಾರವಾಗಿ ಏರುತ್ತದೆ, ಇಳಿಯುತ್ತದೆ. ಪಿ.ಯು.ಸಿ. ಮಕ್ಕಳಿಗೂ ತಿಳಿದಿರುವ ಸೂತ್ರ. ಒಂದು ಸಲ ಇದನ್ನೇ ತರಗತಿಯಲ್ಲಿ ಲೆಕ್ಕವಾಗಿ ಕೊಟ್ಟಿದ್ದೆ. ಬೆಂಗಳೂರಿನ ಗಾಳಿಯಲ್ಲಿ ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಹೋಗುವವನ ಹೆಲ್ಮೆಟ್ಟಿನ ಮುಂದೆ ಹುಟ್ಟುವ ಒತ್ತಡ ಸುಮಾರು 15 ಮಿಲಿಮೀಟರು ನೀರಿನ ಕಂಬಕ್ಕೆ ಸಮ. ವೇಗ 20ಕ್ಕಿಳಿದರೆ ಒತ್ತಡ ಮೂರನೆಯ ಒಂದಲ್ಲ, ಒಂಬತ್ತನೆಯ ಒಂದು ಪಾಲಾಗುತ್ತದೆ; ಎರಡು ಮಿಲಿಮೀಟರೂ ಇಲ್ಲ. ನಿಂತರೆ ಸೊನ್ನೆ. ಇನ್ನು ನಮ್ಮ ಊರಿನ ವೇಗವನ್ನು ನೋಡಿ: ವಾಹನಸಂಚಾರವನ್ನು ಲೆಕ್ಕಹಾಕುವ ಟಾಮ್‌ಟಾಮ್ ಎಂಬ ಸಂಸ್ಥೆಯ ಪ್ರಕಾರ 2022ರಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರು ಸಾಗಲು ಬೇಕಾಗಿದ್ದ ಕಾಲ ಸರಾಸರಿ 29 ನಿಮಿಷಕ್ಕೂ ಮೇಲೆ. ಎಂದರೆ ಗಂಟೆಗೆ 20 ಕಿಲೋಮೀಟರಿನ ಆಚೀಚೆ. ಅದೂ ನಿಂತ ಹೊತ್ತನ್ನೂ ಓಡಿದ ಹೊತ್ತನ್ನೂ ಕಲಸಿದ ಸರಾಸರಿ. ಜರ್ಮನಿಯ ಹೆದ್ದಾರಿಗೋ ಜಪಾನಿನ ಪಂದ್ಯದ ಬಯಲಿಗೋ ತಕ್ಕಂತೆ ರೂಪುಗೊಂಡ ಕಿಂಡಿ ಸಿಲ್ಕ್ ಬೋರ್ಡಿನ ಕೂಡುರಸ್ತೆಯಲ್ಲಿ ಏನು ಮಾಡೀತು? ತನಗೆ ಬೇಕಾದ ಗಾಳಿ ಬರಲೆಂದು ಅದೂ ನಮ್ಮಂತೆಯೇ ಹಸಿರು ದೀಪವನ್ನು ಕಾಯುತ್ತದೆ.

ಕಿಂಡಿಗಳಲ್ಲೂ ಹುಸಿ ಕಿಂಡಿಗಳುಂಟು. ಜೆ. ಸಿ. ರಸ್ತೆಯ ಅಂಗಡಿಯೊಂದರಲ್ಲಿ ವ್ಯಾಪಾರಿಯೊಬ್ಬರು ಥಳಥಳಿಸುವ ಹೆಲ್ಮೆಟ್ಟೊಂದನ್ನು ನನ್ನ ಕೈಗಿತ್ತು, “ಏಳು ಕಡೆ ಗಾಳಿ ಬರುತ್ತೆ ಸಾರ್” ಎಂದರು. ಒಳಗಿನ ಬಟ್ಟೆಯ ಹೊದಿಕೆಯನ್ನು ಬಿಡಿಸಿ ನೋಡಿದೆ. ಹೊರಚಿಪ್ಪಿನಲ್ಲಿ ಏಳು ತೂತುಗಳಿದ್ದದ್ದು ದಿಟ; ಒಳಗಿನ ಥರ್ಮೋಕೋಲಿನಲ್ಲಿ ಅವಕ್ಕೆ ಎದುರಾಗಿ ಇದ್ದದ್ದು ಎರಡೇ. ಉಳಿದ ಐದು ಗೋಡೆಯ ಮೇಲೆ ಬರೆದ ಕಿಟಕಿಗಳು. ನಾನು ತೋರಿಸಿದಾಗ ಅವರು ನಕ್ಕು, “ನೀವು ಮೇಷ್ಟ್ರಾ ಸಾರ್?” ಎಂದು ಕೇಳಿ, ಮೇಲಿನ ಕಪಾಟಿನಿಂದ ಬೇರೊಂದನ್ನು ಇಳಿಸಿದರು. ಓದುಗರು ಹೆಲ್ಮೆಟ್ಟು ಕೊಳ್ಳಲು ಹೋದಾಗ ಹೀಗೆ ಬೆರಳಾಡಿಸಿ ನೋಡುವುದರಿಂದ ನಷ್ಟವೇನೂ ಇಲ್ಲ. ಆದರೆ ತೂತು ಹೆಚ್ಚಿದಷ್ಟೂ ಲಾಭವೆಂದು ತಿಳಿಯಬಾರದು. ಥರ್ಮೋಕೋಲನ್ನು ಕೊರೆದಷ್ಟೂ ಪೆಟ್ಟನ್ನು ನುಂಗುವ ಪದಾರ್ಥ ಕಡಿಮೆಯಾಗುತ್ತದೆ. ಎಲ್ಲಿ ಕೊರೆಯಬಹುದು, ಎಷ್ಟು ಕೊರೆಯಬಹುದು ಎಂಬುದನ್ನು ಪರೀಕ್ಷೆಯಿಂದಲೇ ನಿಶ್ಚಯಿಸಬೇಕು. 2021ರ ಜೂನ್ 1ರಿಂದ ದ್ವಿಚಕ್ರ ವಾಹನದ ಹೆಲ್ಮೆಟ್ಟಿಗೆ ಐ.ಎಸ್. 4151 ಎಂಬ ಮಾನಕದ ಐ.ಎಸ್.ಐ. ಮುದ್ರೆ ಕಡ್ಡಾಯವಾಗಿದೆ. ಪಾದಚಾರಿ ಮಾರ್ಗದ ಮೇಲೆ ಗುಡ್ಡೆಹಾಕಿ ಮಾರುವ ಅರ್ಧ ಹೆಲ್ಮೆಟ್ಟಿನಲ್ಲಿ ಗಾಳಿಯೇನೋ ಧಾರಾಳ. ಆದರೆ ಅದು ಪೊಲೀಸಿನವರಿಗೆ ತೋರಿಸುವ ಟೋಪಿಯೇ ಹೊರತು ತಲೆಯ ರಕ್ಷೆಯಲ್ಲ.

ಇಷ್ಟು ಹೊತ್ತು ಗಾಳಿ ಬರುತ್ತದೆಯೇ ಎಂದು ಕೇಳಿದೆವು. ಬರುವ ಗಾಳಿ ಎಂಥದು ಎಂಬುದು ಇನ್ನೂ ಕಷ್ಟದ ಪ್ರಶ್ನೆ. ಕಿಂಡಿ ಗಾಳಿಯನ್ನು ಸೋಸುವುದಿಲ್ಲ. ಕೆಲವಕ್ಕೆ ತೆಳ್ಳನೆಯ ಬಲೆಯೋ ಸ್ಪಂಜೋ ಇರುತ್ತದೆ. ಅದು ಹುಳುವನ್ನು ತಡೆದೀತು, ಮಣ್ಣಿನ ಧೂಳನ್ನು ಒಂದಿಷ್ಟು ತಡೆದೀತು. ಎಂಜಿನ್ನಿನ ಹೊಗೆಯಲ್ಲಿರುವ, 2.5 ಮೈಕ್ರಾನಿಗಿಂತ ಕಿರಿದಾದ ಕಣಗಳಿಗೆ ಅದು ಹೆಬ್ಬಾಗಿಲು. ತಲೆಗೂದಲಿನ ದಪ್ಪದ ಇಪ್ಪತ್ತನೆಯ ಒಂದು ಪಾಲೂ ಇಲ್ಲದ ಈ ಕಣಗಳು ಶ್ವಾಸಕೋಶದ ಕೊನೆಯ ಕೋಣೆಯವರೆಗೆ ಹೋಗುತ್ತವೆ; ಅವುಗಳಲ್ಲಿ ತೀರ ಸಣ್ಣವು ರಕ್ತಕ್ಕೂ ದಾಟುತ್ತವೆ. ಗಾಳಿಯಲ್ಲಿ ಇವುಗಳ ವಾರ್ಷಿಕ ಸರಾಸರಿ ಘನಮೀಟರಿಗೆ 5 ಮೈಕ್ರೋಗ್ರಾಮನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. 2009ರಲ್ಲಿ ನಮ್ಮ ದೇಶ ಗೊತ್ತುಮಾಡಿದ ಮಿತಿ 40. ಬೆಂಗಳೂರು ದೆಹಲಿಯಲ್ಲವೆಂದು ನಾವು ಸಮಾಧಾನಪಟ್ಟುಕೊಳ್ಳಬಹುದು. ಆದರೆ ವಿಶ್ವಸಂಸ್ಥೆಯವರ ಆ ಮಿತಿಯ ಹಲವು ಮಡಿ ಇಲ್ಲಿಯೂ ಇದೆ.

ಅಲ್ಲದೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆಯ ಯಂತ್ರ ಒಂದು ಕಡೆ ಸ್ಥಿರವಾಗಿ ನಿಂತಿರುತ್ತದೆ. ಸವಾರನ ಮೂಗು ಲಾರಿಯ ಹೊಗೆಕೊಳವೆಯ ಹಿಂದೆ ನಾಲ್ಕು ಮಾರು ದೂರದಲ್ಲಿರುತ್ತದೆ. ಎರಡರ ಲೆಕ್ಕವೂ ಒಂದೇ ಆಗಲಾರದು. ದೆಹಲಿಯ ಆಟೋರಿಕ್ಷಾಗಳಲ್ಲಿ ಕುಳಿತು ಅಳತೆ ಮಾಡಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಅಂತರವನ್ನು ತೋರಿಸಿತು: ಊರಿನ ಸಾಮಾನ್ಯ ಗಾಳಿಗಿಂತ ಆಟೋದೊಳಗೆ 2.5 ಮೈಕ್ರಾನಿನ ಕಣಗಳು ಒಂದೂವರೆ ಪಟ್ಟು, ಮಸಿಯ ಕಣಗಳು ಮೂರೂವರೆ ಪಟ್ಟು, ಅತಿಸೂಕ್ಷ್ಮ ಕಣಗಳ ಎಣಿಕೆ ಎಂಟು ಪಟ್ಟಿಗೂ ಹೆಚ್ಚು. ಆಟೋದಂತೆಯೇ ತೆರೆದ ವಾಹನ ನಮ್ಮ ಸ್ಕೂಟರು. ಮುಖಗಾಜನ್ನು ಮುಚ್ಚಿಕೊಂಡರೆ ಇದರಿಂದ ಪಾರಾಗಬಹುದೆಂದು ಭಾವಿಸುವವರಿದ್ದಾರೆ. ಕಣ್ಣಿಗೆ ಧೂಳು ಬೀಳದೆ ಇರಬಹುದು. ಆದರೆ ಹೆಲ್ಮೆಟ್ಟಿನ ಕೆಳಗೆ ಕುತ್ತಿಗೆಯ ಸುತ್ತ ಬಾಯ್ದೆರೆದ ಜಾಗವಿದೆಯಲ್ಲ, ಹೊಗೆ ಅಲ್ಲಿಂದ ಸಲೀಸಾಗಿ ಏರಿಬರುತ್ತದೆ. ಮೂಗಿಗೆ ಕಟ್ಟಿದ ಕರವಸ್ತ್ರ ಮನಸ್ಸಿಗೆ ಸಮಾಧಾನ ಕೊಡುತ್ತದೆ, ಅಷ್ಟೆ. ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ಮುಸುಕು ಕಣಗಳನ್ನು ನಿಜವಾಗಿ ತಡೆಯುತ್ತದೆ. ಅದನ್ನು ಕಟ್ಟಿಕೊಂಡು, ಮೇಲೆ ಹೆಲ್ಮೆಟ್ಟು ಹಾಕಿ, ಏಪ್ರಿಲ್ ತಿಂಗಳ ಮಧ್ಯಾಹ್ನ ಮೈಸೂರು ರಸ್ತೆಯಲ್ಲಿ ನಿಂತವನಿಗೆ ಅದರ ಬೆಲೆ ಗೊತ್ತು.

ಹೀಗೆ ಗಾಜು ಮುಚ್ಚಿದರೆ ತನ್ನ ಉಸಿರು, ತೆರೆದರೆ ಊರಿನ ಹೊಗೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಮನೆಮನೆಗೆ ಊಟ ತಲಪಿಸುವ ಕೆಲಸದಲ್ಲಿದ್ದಾನೆ. ಬಿ.ಎಸ್ಸಿ. ಮುಗಿಸಿದ್ದಾನೆ, ಬೇರೆ ಕೆಲಸ ಸಿಗುವವರೆಗೆ ಎಂದು ಸೇರಿದವನಿಗೆ ಮೂರು ವರ್ಷವಾಯಿತು. ಗಾಂಧಿಬಜಾರಿನಲ್ಲಿ ಸಿಕ್ಕಾಗ ಹೆಲ್ಮೆಟ್ಟು ತಲೆಯ ಮೇಲಿರಲಿಲ್ಲ, ಮೊಣಕೈಗೆ ತೂಗಿದ್ದಿತು. ನಾನು ಅದನ್ನು ನೋಡುತ್ತಿರುವುದನ್ನು ಕಂಡು ಅವನೇ ಹೇಳಿದ: “ದಿನಕ್ಕೆ ಹತ್ತು ಗಂಟೆ ಇದರೊಳಗೇ ಇರ್ತೀನಿ ಸಾರ್. ಸಿಗ್ನಲ್ಲಿನಲ್ಲಾದರೂ ತೆಗೀದೆ ಇದ್ದರೆ ತಲೆ ಸಿಡಿಯುತ್ತೆ.” ಆಮೇಲೆ ಬೆನ್ನ ಮೇಲಿನ ಚೀಲವನ್ನು ತೋರಿಸಿ, “ಇದರೊಳಗಿನ ಬಿರಿಯಾನಿ ಯಾಕೆ ಆರೋದಿಲ್ಲವೋ ನನ್ನ ತಲೆಯೂ ಅದಕ್ಕೇ ಆರೋದಿಲ್ಲ. ನೀವೇ ಅಲ್ಲವೇ ಪಾಠ ಮಾಡಿದ್ದು?” ಎಂದು ನಕ್ಕ. ನನಗೆ ನಗು ಬಂದಿತು, ಬರಲೂ ಇಲ್ಲ.

ಅವನು ತೆಗೆಯುವುದಕ್ಕಿಂತ ನನ್ನನ್ನು ಹೆಚ್ಚು ಹೆದರಿಸಿದ್ದು ಮತ್ತೊಂದು. ಮತ್ತೆ ಮತ್ತೆ ತೆಗೆದುಹಾಕುವ ತೊಂದರೆಗಾಗಿ ಅವನು ಗಲ್ಲದ ಪಟ್ಟಿಯನ್ನು ಕಟ್ಟುವುದನ್ನೇ ಬಿಟ್ಟಿದ್ದ. ಪಟ್ಟಿ ಕಟ್ಟದ ಹೆಲ್ಮೆಟ್ಟು, ಬಿದ್ದಾಗ ತಲೆಗಿಂತ ಮೊದಲೇ ಹಾರಿಹೋಗಿ ರಸ್ತೆ ಸೇರುತ್ತದೆ. ಹೆಲ್ಮೆಟ್ಟು ಸಾವಿನ ಸಂಭವವನ್ನು ನೂರಕ್ಕೆ 42ರಷ್ಟೂ ತಲೆಗೆ ಗಾಯವಾಗುವುದನ್ನು ನೂರಕ್ಕೆ 69ರಷ್ಟೂ ತಗ್ಗಿಸುತ್ತದೆಂದು, ಅನೇಕ ದೇಶಗಳ ಅಧ್ಯಯನಗಳನ್ನು ಕಲೆಹಾಕಿ 2008ರಲ್ಲಿ ಪ್ರಕಟಿಸಿದ ವಿಮರ್ಶೆ ಹೇಳುತ್ತದೆ. ಈ ಲೆಕ್ಕದಲ್ಲಿ ಮೊಣಕೈಗೆ ತೂಗಿದ ಹೆಲ್ಮೆಟ್ಟುಗಳು ಸೇರುವುದಿಲ್ಲ. ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸಿನ ಮುಂದೆ ದಿನವೂ ಹಾದುಹೋಗುವ ಹುಡುಗ ಅವನು. ಅಲ್ಲಿಗೆ ತಲೆಗೆ ಪೆಟ್ಟು ಬಿದ್ದವರನ್ನು ಕರೆತರುವುದನ್ನು ಕಣ್ಣಾರೆ ಕಂಡವನು. “ಗೊತ್ತು ಸಾರ್” ಎಂದ. ಗೊತ್ತಿಲ್ಲದೆ ಅವನು ಹಾಗೆ ಮಾಡುತ್ತಿರಲಿಲ್ಲ. ಬೀಳುವುದು ಎಂದೋ ಒಂದು ದಿನ. ಉಸಿರು ಕಟ್ಟುವುದು ಈಗ, ಈ ದೀಪದ ಕೆಳಗೆ.

ಕಾನೂನು ಈ ಕಷ್ಟವನ್ನು ಗಮನಿಸಿಲ್ಲ. ಗಮನಿಸುವುದು ಅದರ ಕೆಲಸವೂ ಅಲ್ಲವೆನ್ನಬಹುದು. 1988ರ ಮೋಟಾರು ವಾಹನಗಳ ಕಾಯಿದೆಯ 129ನೆಯ ಪ್ರಕರಣ ಹೆಲ್ಮೆಟ್ಟನ್ನು ಕಡ್ಡಾಯ ಮಾಡುತ್ತದೆ. ಪೇಟ ಧರಿಸಿದ ಸಿಖ್ಖರಿಗೆ ವಿನಾಯಿತಿ ಉಂಟು. 2019ರ ತಿದ್ದುಪಡಿ ದಂಡವನ್ನು ಸಾವಿರ ರೂಪಾಯಿಗೆ ಏರಿಸಿತು. ಕರ್ನಾಟಕದಲ್ಲಿ ಹಿಂದೆ ಕುಳಿತವರಿಗೂ 2016ರ ಜನವರಿಯಲ್ಲಿ ಕಡ್ಡಾಯವಾಯಿತು. ಇವೆಲ್ಲ ಸರಿಯೇ.

ಕಷ್ಟವನ್ನು ಗಮನಿಸಿದವರು ಯಂತ್ರಕುಶಲಿಗಳು. ದೆಹಲಿಯ ಒಂದು ಸಣ್ಣ ಸಂಸ್ಥೆಯವರು ಹಿಂಭಾಗದಲ್ಲಿ ಬೀಸಣಿಗೆಯನ್ನೂ ಶೋಧಕವನ್ನೂ ಅಳವಡಿಸಿದ ಹೆಲ್ಮೆಟ್ಟನ್ನು ರೂಪಿಸಿದರು. 2022ರಲ್ಲಿ ಅದರ ಬೆಲೆ 4500 ರೂಪಾಯಿ, ತೂಕ ಒಂದೂವರೆ ಕಿಲೋಗ್ರಾಮು. ನಮ್ಮ ಬೆಂಗಳೂರಿನವರೇ ಒಬ್ಬರು ಎಂಜಿನಿಯರು ಹೆಲ್ಮೆಟ್ಟಿನ ಗಲ್ಲಕ್ಕೆ ಸಿಕ್ಕಿಸಬಹುದಾದ ತಂಪುಪೆಟ್ಟಿಗೆಯನ್ನು ಮಾಡಿದ್ದಾರೆ. ನೀರಿನಲ್ಲಿ ನೆನೆದ ಶೋಧಕದ ಮೂಲಕ ಸಣ್ಣ ಬೀಸಣಿಗೆಯೊಂದು ಗಾಳಿಯನ್ನು ಎಳೆಯುತ್ತದೆ. ನೀರು ಆವಿಯಾಗುತ್ತ ಗಾಳಿ ತಂಪಾಗುತ್ತದೆ. ಮಣ್ಣಿನ ಹೂಜಿಯ ತತ್ತ್ವವೇ. ಹೂಜಿಯನ್ನು ತಲೆಗೆ ಕಟ್ಟಿಕೊಂಡಂತಾಯಿತು. 2023ರಲ್ಲಿ ಅಹಮದಾಬಾದಿನ ಸಂಚಾರಿ ಪೊಲೀಸರಿಗೆ ತಂಪುಗಾಳಿಯ ಹೆಲ್ಮೆಟ್ಟುಗಳನ್ನು ಪ್ರಯೋಗಾರ್ಥವಾಗಿ ಕೊಟ್ಟರು. ಇವುಗಳ ವಿಶೇಷವೇನೆಂದರೆ ಇವು ವೇಗವನ್ನು ನೆಚ್ಚಿಕೊಂಡಿಲ್ಲ. ನಿಂತಾಗಲೂ ಗಾಳಿ ಚಲಿಸುತ್ತದೆ. ಅಂದರೆ ನಿಲ್ಲುವ ಊರಿಗೆ ತಕ್ಕ ಕಿಂಡಿಯನ್ನು ಕಂಡುಹಿಡಿದವರು ನಿಲ್ಲುವ ಊರಿನವರೇ. ಇದು ನನಗೆ ಮೆಚ್ಚಿಗೆಯಾದ ವಿಷಯ. ಆದರೆ ಹತ್ತು ಗಂಟೆ ರಸ್ತೆಯಲ್ಲಿರುವವನ ತಲೆಯ ಮೇಲೆ ಇವು ಇನ್ನೂ ಕಾಣಿಸುತ್ತಿಲ್ಲ. ಇವನ್ನು ಕೊಳ್ಳಬಲ್ಲವನು ಬಹುಮಟ್ಟಿಗೆ ಕಾರಿನಲ್ಲಿ ಗಾಜೇರಿಸಿಕೊಂಡು ಹೋಗಬಲ್ಲವನು. ಚೀಲವನ್ನೂ ಅಂಗಿಯನ್ನೂ ತಮ್ಮ ಹೆಸರು ಬರೆಸಿ ಕೊಡುವ ಕಂಪನಿಗಳು ಉಸಿರಿಗೂ ಒಂದಿಷ್ಟು ಖರ್ಚುಮಾಡಬಾರದೇ ಎಂದು ಯಾರಾದರೂ ಕೇಳಬೇಕಾದ ಕಾಲ ಬಂದಿದೆ.

ಹೊಗೆಯ ಮೂಲದಲ್ಲಿ ಏನೂ ಆಗಿಲ್ಲವೆಂದಲ್ಲ. 2000ದ ಹೊತ್ತಿಗೆ ಪೆಟ್ರೋಲಿನಿಂದ ಸೀಸ ಹೋಯಿತು. 2020ರ ಏಪ್ರಿಲ್ 1ರಿಂದ ಹೊಸ ವಾಹನಗಳು ಬಿ.ಎಸ್.-6 ಮಾನಕಕ್ಕೆ ಬಂದವು. ಈಗ ವಿದ್ಯುತ್ತಿನ ಸ್ಕೂಟರುಗಳು ಸದ್ದಿಲ್ಲದೆ ಪಕ್ಕದಲ್ಲಿ ಬಂದು ನಿಲ್ಲುತ್ತಿವೆ. ಅವುಗಳಿಗೆ ಹೊಗೆಕೊಳವೆಯೇ ಇಲ್ಲ. ಟಯರಿನ, ಬ್ರೇಕಿನ ಸವೆತದ ಧೂಳು ಮಾತ್ರ ಅವಕ್ಕೂ ತಪ್ಪಿದ್ದಲ್ಲ.

ಹಳೆಯ ವಿದ್ಯಾರ್ಥಿಗೆ ನಾನು ಹೇಳಿದ್ದು ಸಣ್ಣ ಮಾತುಗಳು. ನಿಂತಾಗ ಹೆಲ್ಮೆಟ್ಟನ್ನು ತೆಗೆಯಬೇಡ, ಗಾಜನ್ನು ಪೂರ್ತಿ ಎತ್ತು. ಹೊರಟ ಮೇಲೆ ಒಂದೇ ಒಂದು ಮೆಟ್ಟು ತೆರೆದಿಡು. ಬಸ್ಸಿನ ಹಿಂದೆ ನೇರವಾಗಿ ನಿಲ್ಲದೆ ಸ್ವಲ್ಪ ಓರೆಯಾಗಿ, ಹೊಗೆಕೊಳವೆಯ ಆಚೆ ಬದಿಗೆ ನಿಲ್ಲು. ಒಳಗಿನ ಬಟ್ಟೆಯನ್ನು ವಾರಕ್ಕೊಮ್ಮೆ ಒಗೆ. ಬೆವರು ಮೆತ್ತಿದ ಹೊದಿಕೆ ಕಾಲುವೆಗಳ ಬಾಯನ್ನು ಮುಚ್ಚುತ್ತದೆ. ಪಟ್ಟಿಯನ್ನು ಕಟ್ಟು. ಅವನು ಎಲ್ಲಕ್ಕೂ ತಲೆಯಾಡಿಸಿದ. ಅಷ್ಟರಲ್ಲಿ ಅವನ ಫೋನು ಕೂಗಿತು. ಹನ್ನೆರಡು ನಿಮಿಷದೊಳಗೆ ಚೀಲ ಜಯನಗರ ನಾಲ್ಕನೆಯ ಬ್ಲಾಕನ್ನು ಸೇರಬೇಕಾಗಿದ್ದಿತು. ಹೆಲ್ಮೆಟ್ಟನ್ನು ತಲೆಗೇರಿಸಿ, ನನ್ನೆದುರಿಗೆಂದೋ ಏನೋ, ಪಟ್ಟಿಯನ್ನು ಸದ್ದಾಗುವಂತೆ ಬಿಗಿದುಕೊಂಡು ಹೊರಟ. ತಿರುವಿನ ಸಿಗ್ನಲ್ಲು ಕೆಂಪಾಗಿದ್ದಿತು.